ಪೈಪಿನ ಆಚೆ ತುದಿ

ಸಂಜೆ ನಾಲ್ಕಕ್ಕೆ ಪೈಪು ಒಂದು ಸಲ ಟಣ್ ಎನ್ನುತ್ತಿತ್ತು. ಒಂದೇ ಸಲ. ಪಂಪ್ ಹೌಸಿನ ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಹಾಗೇ ಬಿಟ್ಟು, ಪೈಪಿಗೆ ಬೆನ್ನು ಮಾಡಿ ನಿಂತು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದ. ಎರಡನೆಯ ಸದ್ದು ಬರುತ್ತಿರಲಿಲ್ಲ. ಆಮೇಲೆ ಕುತ್ತಿಗೆಯ ಬೆವರು ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಎಣ್ಣೆ ಡಬ್ಬಿ ಎತ್ತಿಕೊಳ್ಳುತ್ತಿದ್ದ. ಏನೂ ಆಗಿಲ್ಲವೆಂದು ಯಾರಿಗೆ ತೋರಿಸಿಕೊಳ್ಳಬೇಕಿತ್ತು ಎಂದು ಕೇಳಬೇಡಿ. ಆ ಕಟ್ಟಡದಲ್ಲಿ ಇದ್ದವನು ಅವನೊಬ್ಬನೇ.

ಮೊದಲ ಸಲ ಅದು ಕೇಳಿಸಿದ್ದು ಉದ್ದಣ್ಣ ತೀರಿಕೊಂಡ ಒಂಬತ್ತನೇ ದಿನ. ಪೈಪಿನ ಆಚೆ ತುದಿಯಲ್ಲಿ, ಗುಡ್ಡದ ಮೇಲಿನ ಟ್ಯಾಂಕಿನ ಕೋಣೆಯಲ್ಲಿ, ಅವನ ಜಾಗಕ್ಕೆ ನೀರಿನ ಇಲಾಖೆಯವರು ಆಗಿನ್ನೂ ಬೇರೆ ಯಾರನ್ನೂ ಹಾಕಿರಲಿಲ್ಲ. ಮೇಸ್ತ್ರಿಯೇ ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ ನೀರು ನೋಡಿ ಬರುತ್ತಿದ್ದ. ಆ ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಮೇಸ್ತ್ರಿಯ ಜೇಬಿನಲ್ಲೇ ಇತ್ತು.

ಊರಂಚಿನ ಹೊಳೆಯ ದಂಡೆಗೆ ಪಂಪ್ ಹೌಸು, ಅದರ ಬೆನ್ನಿಗೇ ಏಳುವ ಗುಡ್ಡದ ನೆತ್ತಿಯಲ್ಲಿ ಟ್ಯಾಂಕು. ಎರಡಕ್ಕೂ ನಡುವೆ ತಬ್ಬಿದರೆ ಕೈಗೆ ಕೈ ಸಿಗುವಷ್ಟು ದಪ್ಪದ ಹಳೇ ಕಬ್ಬಿಣದ ಪೈಪು, ಪಕ್ಕದಲ್ಲಿ ಇನ್ನೂರ ಹನ್ನೆರಡು ಮೆಟ್ಟಿಲು. ಪೈಪಿಗೆ ಸ್ಪ್ಯಾನರಿನಿಂದ ಒಂದು ತುದಿಯಲ್ಲಿ ಬಡಿದರೆ ಇನ್ನೊಂದು ತುದಿಗೆ ಕೇಳಿಸುತ್ತದೆ. ಫೋನು ಬರುವುದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಅಲ್ಲಿ ಅದೇ ಪದ್ಧತಿ. ಮೇಲಿನಿಂದ ಎರಡು ಬಡಿದರೆ ಪಂಪ್ ಹಾಕು. ಟಣ್ ಟಣ್ ಟಣ್ ಎಂದು ಒಂದರ ಹಿಂದೊಂದು ಮೂರು ಬಡಿದರೆ ಟ್ಯಾಂಕು ತುಂಬಿತು, ಸಾಕು, ನಿಲ್ಲಿಸು. ಇಷ್ಟು ಇಲಾಖೆಗೂ ಗೊತ್ತಿತ್ತು. ಒಂದು ಬಡಿಯುವುದು ಮಾತ್ರ ಮೇಸ್ತ್ರಿ ಮತ್ತು ಉದ್ದಣ್ಣ ಇಬ್ಬರೇ ಮಾಡಿಕೊಂಡಿದ್ದ ಮಾತು. ಒಂದು ಬಡಿದರೆ, ‘ಇದ್ದೀಯಾ?’ ತಿರುಗಿ ಒಂದು ಬಡಿದರೆ, ‘ಇದ್ದೀನಿ.’ ಯಾರು ಕೇಳಿದರೂ ಇನ್ನೊಬ್ಬ ಉತ್ತರ ಕೊಡಲೇಬೇಕು. ಹನ್ನೆರಡು ವರ್ಷ ಅದು ತಪ್ಪಿರಲಿಲ್ಲ.

ಉದ್ದಣ್ಣ ಹೆಸರಿಗೆ ತಕ್ಕ ಹಾಗೆ ಉದ್ದ. ದೇವರು ಅಳತೆ ಮರೆತು ಎಳೆದುಬಿಟ್ಟ ಮನುಷ್ಯ. ಮೊದಲ ಹದಿನಾಲ್ಕು ವರ್ಷ ಅವನೂ ಪಂಪ್ ಹೌಸಿನಲ್ಲೇ ಇದ್ದ, ಮೇಸ್ತ್ರಿಯ ಜೋಡಿಯಾಗಿ. ದಿನಾ ಬೆಳಿಗ್ಗೆ ಒಳಗೆ ಬರುವಾಗ ಬಾಗಿಲಿನ ಮೇಲಿನ ಪಟ್ಟಿಗೆ ಹಣೆ ಬಡಿಸಿಕೊಳ್ಳುತ್ತಿದ್ದ. “ಈ ಬಾಗ್ಲು ಮಾಡೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು” ಎಂದು ಯಾವತ್ತೋ ಸತ್ತುಹೋದ ಬಡಗಿಯನ್ನು ದಿನಾ ಬೈಯುತ್ತಿದ್ದ. ನೋಡಲಾರದೆ ಮೇಸ್ತ್ರಿಯೇ ಸೈಕಲ್ಲಿನ ಹಳೇ ಟ್ಯೂಬು ಸೀಳಿ ಆ ಪಟ್ಟಿಗೆ ಮೊಳೆ ಹೊಡೆದ. ಅದಾದ ಮೇಲೂ ಉದ್ದಣ್ಣ ಬಡಿಸಿಕೊಳ್ಳುವುದು ನಿಲ್ಲಲಿಲ್ಲ, ಸದ್ದು ಮಾತ್ರ ‘ಧಡ್’ ಹೋಗಿ ‘ಟಪ್’ ಆಯಿತು.

ಆಗಿನ ಮೋಟರುಗಳು ಆಮೇಲೆ ಹಾಕಿದ ಸದ್ದು ಕಡಿಮೆಯವುಗಳಂತಲ್ಲ. ಪಕ್ಕದಲ್ಲಿ ನಿಂತು ಅರಚಿದರೂ ಕೇಳಿಸದಂಥ ಗದ್ದಲ. ಮೇಸ್ತ್ರಿ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಉದ್ದಣ್ಣ, ಹತ್ತಿ ಇಟ್ಟುಕೊಂಡರೆ ಬೇರಿಂಗು ಕೆಟ್ಟರೆ ತಿಳಿಯುವುದಿಲ್ಲ ಎಂದು ಬರೀ ಕಿವಿಯಲ್ಲೇ ನಿಲ್ಲುತ್ತಿದ್ದ. ಬೇರಿಂಗುಗಳೆಲ್ಲ ಚೆನ್ನಾಗಿಯೇ ಉಳಿದವು. ಹದಿನಾಲ್ಕನೇ ವರ್ಷಕ್ಕೆ ಅವನ ಎರಡು ಕಿವಿಗಳೂ ಹೋದವು.

ಹೊರಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಟ್ಯಾಂಕಿನ ಕೋಣೆಯ ಕೆಲಸ ಅದೇ ಹೊತ್ತಿಗೆ ಖಾಲಿಯಾಯಿತು. ಅಲ್ಲಿ ಗದ್ದಲವಿಲ್ಲ, ಮಾತಾಡಿಸುವವರಿಲ್ಲ, ಪೈಪಿನ ಮೇಲೆ ಅಂಗೈ ಇಟ್ಟರೆ ಬಡಿತ ಮೂಳೆಗೇ ತಿಳಿಯುತ್ತದೆ. ಮೇಸ್ತ್ರಿ ಅವರಿವರ ಕೈಕಾಲು ಹಿಡಿದು ಅದನ್ನು ಉದ್ದಣ್ಣನಿಗೆ ಕೊಡಿಸಿದ. ಆದರೆ ಹುದ್ದೆ ಬದಲಾದರೆ ಡಾಕ್ಟರ ಪರೀಕ್ಷೆ ಆಗಲೇಬೇಕು. ಡಾಕ್ಟರು ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಒಂದೊಂದು ಅಂಕಿ ಹೇಳುವುದು, ಬೆಂಚಿನ ಮೇಲೆ ಕೂತವನು ಅದನ್ನು ತಿರುಗಿ ಹೇಳುವುದು. ಮುಂದಿನ ಸರದಿ ತನ್ನದೆಂದು ಮೇಸ್ತ್ರಿ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹೋಗಿ ಕೂತ. ಡಾಕ್ಟರು “ನಾಲ್ಕು” ಎಂದರೆ ಇವನ ಹಿಮ್ಮಡಿ ಬೆಂಚಿನ ಕಾಲಿಗೆ ಮೆಲ್ಲಗೆ ನಾಲ್ಕು ಸಲ ತಾಗುತ್ತಿತ್ತು. ಉದ್ದಣ್ಣ ಬೆಂಚಿನ ಮೇಲೆ ಅಂಗೈ ಊರಿಕೊಂಡು, ಹುಬ್ಬು ಗಂಟು ಹಾಕಿ, ಯೋಚಿಸಿದವನ ಹಾಗೆ “ನಾಲ್ಕು” ಎನ್ನುತ್ತಿದ್ದ. ಏಳು ಅಂಕಿ ಕೇಳಿ ಏಳಕ್ಕೂ ಸರಿಯುತ್ತರ ಪಡೆದ ಡಾಕ್ಟರು, “ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ” ಎಂದು ಸಹಿ ಹಾಕಿದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, “ನಿಮಗೆ ಕಾಲು ನಡುಗೋದು ಯಾವಾಗಿಂದ?” ಎಂದು ಕೇಳಿದರು.

ವಾಪಸು ಬರುವಾಗ ಉದ್ದಣ್ಣ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆ ತಿರುವು ಬಂದಾಗ ಮಾತ್ರ ನಿಂತು ಕಣ್ಣೊರೆಸಿಕೊಂಡ. “ಮೇಸ್ತ್ರಿ, ನನ್ನ ಕಿವಿ ಇನ್ಮೇಲೆ ನಿನ್ನ ಹತ್ರ ಇದೆ ಕಣೋ. ಜೋಪಾನ” ಎಂದ.

ಟ್ಯಾಂಕಿನ ಕೋಣೆಗೆ ಫೋನು ಬಂದಾಗಲೂ ಉದ್ದಣ್ಣ ಸೋಲಲಿಲ್ಲ. ಫೋನಿನ ನೆತ್ತಿಯ ಮೇಲೆ ಒಂದು ಲೋಟ, ಲೋಟದಲ್ಲೊಂದು ಚಮಚ. ಗಂಟೆ ಹೊಡೆದುಕೊಂಡರೆ ಚಮಚ ಕುಣಿಯುವುದು ಕಣ್ಣಿಗೆ ಕಾಣುತ್ತಿತ್ತು. ಕೂಡಲೇ ಎತ್ತಿಕೊಂಡು, “ಹಲೋ, ನೀರು ಒಂಬತ್ತು ಅಡಿ, ವಾಲ್ವ್ ಸರಿಯಾಗಿದೆ, ಎಲ್ಲಾ ಕ್ಷೇಮ, ಇಡ್ತೀನಿ” ಎಂದು ಒಂದೇ ಉಸಿರಿಗೆ ಹೇಳಿ ಇಟ್ಟುಬಿಡುತ್ತಿದ್ದ. ಅತ್ತಲಿನವರು ಏನು ಕೇಳಿದರೋ ಆ ದೇವರಿಗೇ ಗೊತ್ತು. ಇಂಜಿನಿಯರು ಮಾತ್ರ, ಇಡೀ ಇಲಾಖೆಯಲ್ಲಿ ಹರಟೆ ಹೊಡೆಯದವನು ಇವನೊಬ್ಬನೇ ಎಂದು ಎಲ್ಲರೆದುರು ಹೊಗಳುತ್ತಿದ್ದರು. ಹರಟೆಯಂತೆ! ಮಧ್ಯಾಹ್ನದ ಊಟಕ್ಕೆ ಕೆಳಗಿಳಿದು ಬಂದು, ಬಾಗಿಲಿಗೆ ಹಣೆ ಬಡಿಸಿಕೊಂಡು, ಡಬ್ಬಿ ಬಿಚ್ಚಿದನೆಂದರೆ ಅವನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಮೇಸ್ತ್ರಿಯ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ಮನೆಯಲ್ಲೂ ಅದೇ ಪದ್ಧತಿ ತಂದಿಟ್ಟಿದ್ದ. ಮಂಚದಲ್ಲಿ ಮಲಗಿ ಗೋಡೆಗೆ ಒಂದು ಬಡಿದರೆ, ಗೋಡೆಯಾಚೆ ಅಡುಗೆಮನೆಯಿಂದ ಅವನ ಹೆಂಡತಿ ಸೌಟಿನಿಂದ ಒಂದು ಬಡಿಯುತ್ತಿದ್ದಳು. ಮೇಸ್ತ್ರಿ ಆಕೆಯನ್ನು ಅತ್ತಿಗೆ ಎಂದು ಕರೆಯುತ್ತಿದ್ದ.

ಕೊನೆಯ ವರ್ಷ ಉದ್ದಣ್ಣ ಬಡಿಯುವುದು ಹೆಚ್ಚಾಯಿತು. ದಿನಕ್ಕೆ ಎರಡು ಸಲ ಇದ್ದದ್ದು ಹತ್ತಾಯಿತು, ಹನ್ನೆರಡಾಯಿತು. ಗುಡ್ಡದ ಮೇಲೆ ಒಬ್ಬನೇ, ಅದೂ ಸದ್ದೇ ಇಲ್ಲದ ಲೋಕದಲ್ಲಿ. ಅವನಿಗೆ ಹೇಗಾಗಿರಬೇಡ! ಆದರೆ ಇದೆಲ್ಲ ಮೇಸ್ತ್ರಿಗೆ ಹೊಳೆದದ್ದು ಆಮೇಲೆ. ಆವತ್ತು ಊಟದ ಹೊತ್ತಿಗೆ ಅವನು ಸಿಡುಕಿದ.

“ಲೋ ಉದ್ದಣ್ಣ, ನಾನೇನು ಓಡಿ ಹೋಗ್ತೀನಾ? ಗಳಿಗೆಗೊಂದ್ಸಲ ಟಣ್ ಅಂತಿದ್ರೆ ನಾನು ಕೆಲ್ಸ ಮಾಡೋದ್ಯಾವಾಗ? ಕೆಲ್ಸ ಇದ್ರೆ ಬಡಿ, ಇಲ್ದಿದ್ರೆ ಸುಮ್ನಿರು.”

ಉದ್ದಣ್ಣ ಅವನ ತುಟಿಗಳನ್ನು ಕೊನೆಯವರೆಗೂ ನೋಡಿದ. “ಆಯ್ತಪ್ಪ” ಎಂದ. ಡಬ್ಬಿ ಮುಚ್ಚಿಕೊಂಡು ಎದ್ದು ಹೋದ.

ಎರಡು ದಿನ ಮೇಲಿನಿಂದ ಎರಡು ಬಂತು, ಮೂರು ಬಂತು, ಒಂದು ಬರಲಿಲ್ಲ. ಊಟಕ್ಕೂ ಅವನು ಇಳಿಯಲಿಲ್ಲ. ಮೇಸ್ತ್ರಿ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಡುತ್ತಿದ್ದ, ಆದರೂ ತಾನಾಗಿ ಬಡಿಯಲು ಮನಸ್ಸು ಬಾರದು. ಅವನೇ ಮೊದಲು ಬಡಿಯಲಿ ಎಂದು ಮುಖ ಊದಿಸಿಕೊಂಡು ಕೂತಿದ್ದ. ಐವತ್ತು ದಾಟಿದ ಗಂಡಸರ ಬುದ್ಧಿ ಇಷ್ಟೇ.

ಮೂರನೇ ದಿನ ಸಂಜೆ ನಾಲ್ಕಕ್ಕೆ ಒಂದು ಬಂತು.

ಮೇಸ್ತ್ರಿ ಆಗ ಓಡುತ್ತಿದ್ದ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೀರು ಸೋರುವ ಕಡೆ ನಟ್ಟು ಬಿಗಿಮಾಡುತ್ತಿದ್ದ. ಎರಡೂ ಕೈಯಲ್ಲಿ ಗ್ರೀಸು. ಟಣ್ ಎಂದದ್ದು ಕೇಳಿ ಮೊದಲು ಅವನಿಗಾದದ್ದು ಖುಷಿ. ‘ಬಂದ ನೋಡು ದಾರಿಗೆ’ ಎಂದುಕೊಂಡ. ಸ್ವಲ್ಪ ಕಾಯಲಿ, ತಾನೂ ಎರಡು ದಿನ ಕಾದಿಲ್ಲವೇ ಎಂದುಕೊಂಡ. ಒಂದು ನಿಮಿಷ ಕಳೆದು ಇನ್ನೊಂದು ಬಂತು. ಮೇಸ್ತ್ರಿ ನಗುತ್ತಲೇ ನಟ್ಟು ತಿರುಗಿಸಿದ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಇನ್ನೊಂದು ಬಂತು, ಅದು ತೀರ ಮೆಲ್ಲಗೆ. ಮೂರಾಯಿತಲ್ಲ, ಟ್ಯಾಂಕು ತುಂಬಿತೆಂದು ಹೇಳುತ್ತಿದ್ದಾನೆ ಎಂದುಕೊಂಡು ಮೇಸ್ತ್ರಿ ಎದ್ದು ಪಂಪ್ ನಿಲ್ಲಿಸಿದ. ನಿಂತ ಪಂಪಿನ ಮೇಲೆ ಕೆಲಸ ಸಲೀಸು. ಅರ್ಧ ಗಂಟೆ ಆರಾಮವಾಗಿ ಅದನ್ನು ಮುಗಿಸಿ, ಕೈ ತೊಳೆದು, ಸ್ಪ್ಯಾನರ್ ತೆಗೆದುಕೊಂಡು ದೊಡ್ಡ ಮನಸ್ಸು ಮಾಡಿ ಒಂದು ಬಡಿದ. ಉತ್ತರ ಬರಲಿಲ್ಲ. ಇನ್ನೊಂದು ಬಡಿದ. ಆಮೇಲೆ ಮೆಟ್ಟಿಲುಗಳ ಕಡೆ ಓಡಿದ.

ಉದ್ದಣ್ಣ ನೆಲದ ಮೇಲೆ ಕೂತಿದ್ದ. ಬೆನ್ನು ಗೋಡೆಗೆ, ಬಲ ಅಂಗೈ ಪೈಪಿನ ಮೇಲೆ, ಸ್ಪ್ಯಾನರ್ ತೊಡೆಯ ಮೇಲೆ. ಕಣ್ಣು ತೆರೆದೇ ಇತ್ತು. ಗೋಡೆಯ ಅಳತೆಪಟ್ಟಿ ಆರು ಅಡಿ ತೋರಿಸುತ್ತಿತ್ತು. ಟ್ಯಾಂಕು ತುಂಬುವುದು ಹನ್ನೆರಡು ಅಡಿಗೆ.

ಎದೆಬಡಿತ ನಿಂತು ಹೋಗಿದೆ, ಬೇಗ ಕಂಡಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಅತ್ತಿಗೆ ಏನನ್ನೂ ಕೇಳಿರಲಿಲ್ಲ. ಕೇಳುವ ಮೊದಲೇ ಮೇಸ್ತ್ರಿಯ ಬಾಯಿಂದ ಮಾತು ಬಂದುಬಿಟ್ಟಿತು. “ನಾನು ಹೋಗಿ ನೋಡೋಷ್ಟ್ರಲ್ಲಿ ಆಗೋಗಿತ್ತು ಅತ್ತಿಗೆ. ಒಂದು ಸದ್ದೂ ಮಾಡ್ದೆ ಹೋಗಿಬಿಟ್ಟಿದಾನೆ.”

ಆಕೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಂದವರಿಗೆಲ್ಲ ಅದನ್ನೇ ಹೇಳಿದಳು. “ನರಳ್ಲಿಲ್ಲ, ಯಾರನ್ನೂ ಕರೀಲಿಲ್ಲ, ಒಂದು ಸದ್ದೂ ಮಾಡ್ದೆ ಹೋದ್ರು.” ಪ್ರತಿ ಭಾನುವಾರ ಮೇಸ್ತ್ರಿ ಆ ಮನೆಗೆ ಹೋಗಿ ಸೋರುವ ನಲ್ಲಿ, ಸಡಿಲವಾದ ಕಿಟಕಿ ಏನಾದರೊಂದು ರಿಪೇರಿ ಮಾಡಿ, ಆಕೆ ಬಡಿಸಿದ್ದನ್ನು ಉಂಡು ಬರುತ್ತಿದ್ದ. ಉಣ್ಣುವಾಗ ಪ್ರತಿ ಸಲವೂ ಆ ಮಾತು ಬರುತ್ತಿತ್ತು. ಇಲಾಖೆಯವರು ಮಾಡಿದ ಸಂತಾಪ ಸಭೆಯಲ್ಲಿ, ಇಪ್ಪತ್ತಾರು ವರ್ಷದ ಸ್ನೇಹಿತ ನಾಲ್ಕು ಮಾತಾಡಲಿ ಎಂದು ಮೇಸ್ತ್ರಿಯನ್ನು ನಿಲ್ಲಿಸಿದರು. “ಒಳ್ಳೆಯವನು” ಎಂದು ಹೇಳಿ ಅವನು ಕೂತುಬಿಟ್ಟ. ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ ಎಂದು ಎಲ್ಲರೂ ಅಂದುಕೊಂಡರು. ಕಟ್ಟಿದ್ದು ನಿಜ, ಆದರೆ ದುಃಖವೊಂದಕ್ಕೇ ಅಲ್ಲ.

ಆ ಸಭೆಯಾಗಿ ಎರಡು ದಿನಕ್ಕೆ, ಅಂದರೆ ಉದ್ದಣ್ಣ ಹೋದ ಒಂಬತ್ತನೇ ದಿನ, ಪೈಪು ಟಣ್ ಎಂದಿತು.

ಇಂಜಿನಿಯರನ್ನು ಅವನು ಸುತ್ತುಬಳಸಿ ಕೇಳಿ ನೋಡಿದ. “ಕಬ್ಬಿಣ ಅಲ್ವೇನ್ರೀ, ಬಿಸಿಲಿಗೆ ಹಿಗ್ಗುತ್ತೆ, ಸಂಜೆ ಕುಗ್ಗುತ್ತೆ, ಸದ್ದು ಬರುತ್ತೆ” ಎಂದರು ಅವರು. ಮೇಸ್ತ್ರಿಗೆ ಸಮಾಧಾನವಾಯಿತು. ಆಮೇಲೆ ಒಂದು ವಾರ ಸೂರ್ಯನೇ ಕಾಣದಂತೆ ಮೋಡ ಕವಿಯಿತು. ಪೈಪು ಬೆಳಿಗ್ಗೆ ಮುಟ್ಟಿದರೂ ಸಂಜೆ ಮುಟ್ಟಿದರೂ ಒಂದೇ ಸಮ ತಣ್ಣಗೆ. ಆ ಏಳು ದಿನವೂ ನಾಲ್ಕಕ್ಕೆ ಸರಿಯಾಗಿ ಟಣ್ ಎಂದಿತು. ಏಳನೇ ದಿನ ಆ ಸದ್ದಿನ ಹಿಂದೆಯೇ, ಮೇಸ್ತ್ರಿ ಬೆನ್ನು ತಿರುಗಿಸಿ ಎಣಿಸುತ್ತಿದ್ದಾಗ, ಬಾಗಿಲಿನ ಕಡೆ ‘ಟಪ್’ ಎಂದಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಪಟ್ಟಿಗೆ ಹೊಡೆದ ಟ್ಯೂಬಿನ ಸಡಿಲ ತುದಿ ಮಾತ್ರ ಅಲ್ಲಾಡುತ್ತಿತ್ತು. ಗಾಳಿ ಇರಲಿಲ್ಲ.

ಉತ್ತರವಾಗಿ ಒಂದು ಬಡಿದುಬಿಟ್ಟರೆ ಮುಗಿಯಿತಲ್ಲ ಎಂದು ನಿಮಗನ್ನಿಸಬಹುದು. ಮೇಸ್ತ್ರಿ ಎಷ್ಟೋ ಸಲ ಸ್ಪ್ಯಾನರ್ ಎತ್ತಿದ್ದುಂಟು. ಕೈ ಮುಂದೆ ಹೋಗುತ್ತಿರಲಿಲ್ಲ. ‘ಇದ್ದೀನಿ’ ಎಂದ ಮೇಲೆ, ‘ಹಾಗಾದ್ರೆ ಅವತ್ತು ಎಲ್ಲಿದ್ದೆ?’ ಎಂಬ ಪ್ರಶ್ನೆ ಬರುತ್ತದೆ.

ಎರಡು ತಿಂಗಳ ಮೇಲೆ ಟ್ಯಾಂಕಿನ ಕೋಣೆಗೆ ಒಬ್ಬ ಹೆಂಗಸನ್ನು ಹಾಕಿದರು. ಇಪ್ಪತ್ತು ವರ್ಷ ಆಫೀಸಿನಲ್ಲಿ ಫೈಲು ಜೋಡಿಸಿ ಬಂದವಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಫೈಲಮ್ಮ. ಗಟ್ಟಿಗಿತ್ತಿ, ಮಾತು ನೇರ. ಅವಳು ಕೆಲಸಕ್ಕೆಲ್ಲ ಫೋನನ್ನೇ ಬಳಸುತ್ತಿದ್ದಳು. ಪೈಪಿನ ಪದ್ಧತಿಯ ಗೋಜಿಗೇ ಹೋಗಲಿಲ್ಲ. ನಾಲ್ಕರ ಸದ್ದು ಮಾತ್ರ ನಿಲ್ಲಲಿಲ್ಲ. ಇನ್ನು ಅವಳದೇ ಕಿತಾಪತಿ ಇರಬೇಕೆಂದು ಮೇಸ್ತ್ರಿಗೆ ಒಂದು ಆಸೆ ಹುಟ್ಟಿತು. ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋದ.

“ಏನಮ್ಮ, ದಿನಾ ನಾಲ್ಕಕ್ಕೆ ಪೈಪಿಗೆ ಬಡೀತೀಯಾ?”

ಫೈಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಅದನ್ನೇ ನಾನು ನಿಮ್ಮನ್ನ ಕೇಳೋಣ ಅಂತಿದ್ದೆ ಮೇಸ್ತ್ರಿ. ದಿನಾ ನಾಲ್ಕು ಗಂಟೆಗೆ ಕೆಳಗಿಂದ ಯಾಕೆ ಬಡೀತೀರಾ? ಜೀವ ಹಾರಿಹೋಗುತ್ತೆ.”

“ನಾನಾ?”

“ಮತ್ತಿನ್ಯಾರು? ಒಂದೇ ಒಂದ್ಸಲ. ಕೆಳಗಿನಿಂದ್ಲೇ ಬರುತ್ತೆ. ನನಗೇನು ಕಿವಿ ಕೇಳ್ಸಲ್ವಾ?”

ಮೇಸ್ತ್ರಿಗೆ ಮೇಲಿನಿಂದ ಕೇಳುತ್ತದೆ, ಅವಳಿಗೆ ಕೆಳಗಿನಿಂದ. ಯಾವ ತುದಿಯಲ್ಲಿ ಯಾರಿದ್ದರೂ ಅವರಿಗೆ ಅದು ಆಚೆ ತುದಿಯದು. ಅವನು ಇಳಿಯಲು ಹೊರಟಾಗ ಫೈಲಮ್ಮ ಕರೆದಳು. “ಇದನ್ನೂ ಒಂಚೂರು ನೋಡಿ. ಎಷ್ಟು ದಿನದಿಂದ ತೋರಿಸ್ಬೇಕು ಅಂತಿದ್ದೆ.”

ಒಳಗೆ ತಣ್ಣೀರು ಹರಿಯುವ ಪೈಪು ಬೆಳಗಿನ ಹೊತ್ತು ಬೆವರುತ್ತದೆ. ಇಡೀ ಪೈಪಿನ ಮೇಲೆ ಹನಿ ಸಾಲುಗಟ್ಟಿತ್ತು. ನೆಲದಿಂದ ಮೂರಡಿ ಎತ್ತರದಲ್ಲಿ, ಕೂತವನ ಕೈಗೆ ಸಿಗುವಲ್ಲಿ, ಒಂದು ಜಾಗ ಮಾತ್ರ ಒಣಗಿತ್ತು. ಅಗಲವಾದ ಅಂಗೈ, ಐದು ಉದ್ದನೆಯ ಬೆರಳು. ಹನ್ನೆರಡು ವರ್ಷ ಕೈಯಿಟ್ಟು ಬಣ್ಣ ಸವೆದದ್ದು ಸರಿ, ಆದರೆ ಬರೀ ಕಬ್ಬಿಣ ಇನ್ನೂ ಹೆಚ್ಚಾಗಿ ಬೆವರಬೇಕು. ಮೇಸ್ತ್ರಿ ಹೆದರುತ್ತ ಬೆರಳ ತುದಿ ಇಟ್ಟು ನೋಡಿದ. ಈಗ ತಾನೇ ಯಾರೋ ಕೈ ತೆಗೆದಂತೆ ಬೆಚ್ಚಗಿತ್ತು.

ಆಮೇಲೆ ಅವನು ಮನೆಯಲ್ಲೂ ಮಾತು ಬಿಟ್ಟ. ನಾಲ್ಕು ಗಂಟೆ ಎಂದರೆ ಒಳಗೊಳಗೇ ಕುಸಿಯುತ್ತಿದ್ದ. ಹೆಂಡತಿ, “ಏನಾಗಿದೆ ನಿಮ್ಗೆ? ಹೊಟ್ಟೇಲಿಟ್ಕೊಂಡು ಕೊರಗೋದಕ್ಕಿಂತ ಬಾಯಿ ಬಿಡಬಾರ್ದಾ?” ಎಂದು ಗದರಿದಳು. ಬಾಯಿ ಬಿಟ್ಟರೆ ಅತ್ತಿಗೆಯ ಮನೆ ಬಾಗಿಲು ಮುಚ್ಚುತ್ತದೆ. ಉದ್ದಣ್ಣನ ಬಗ್ಗೆ ಮಾತಾಡಲು ಅವನಿಗೆ ಲೋಕದಲ್ಲಿ ಉಳಿದಿದ್ದದ್ದು ಆ ಒಂದು ಮನೆ. ಅದೂ ಹೋದರೆ ಉದ್ದಣ್ಣ ಪೂರ್ತಿ ಹೋದ ಹಾಗೆಯೇ. ಬಾಯಿ ಬಿಡದಿದ್ದರೆ ನಾಲ್ಕು ಗಂಟೆ ಬಿಡುವುದಿಲ್ಲ.

ಹನ್ನೊಂದನೇ ತಿಂಗಳಿಗೆ ಇಲಾಖೆಯಿಂದ ಕಾಗದ ಬಂತು. ಹೊಳೆಯ ಆಚೆ ದಂಡೆಯಲ್ಲಿ ಹೊಸ ಪಂಪ್ ಹೌಸು, ಹೊಸ ಪ್ಲಾಸ್ಟಿಕ್ ಪೈಪು, ಟ್ಯಾಂಕು ತುಂಬಿದರೆ ತಾನೇ ನಿಲ್ಲುವ ಪಂಪು. ಹಳೇ ಪೈಪನ್ನು ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಮೋಟರು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು, ಕರೆಂಟು ಕಿತ್ತರು, ಪೈಪಿನ ನೀರೆಲ್ಲ ಹೊಳೆಗೆ ಬಿಟ್ಟರು. ಫೈಲಮ್ಮ ಖುಷಿಯಿಂದ ಆಫೀಸಿಗೆ ಮರಳಿದಳು. ನಾಳೆ ಬೆಳಿಗ್ಗೆ ಬೀಗದ ಕೈಗಳನ್ನು ಒಪ್ಪಿಸಬೇಕು ಎನ್ನುವ ದಿನ ಮೇಸ್ತ್ರಿ ಅತ್ತಿಗೆಯ ಮನೆಗೆ ಹೋದ. ಭಾನುವಾರವಲ್ಲದ ದಿನ ಅವನನ್ನು ಕಂಡು ಆಕೆಗೆ ಆಶ್ಚರ್ಯವಾಯಿತು. ಪೈಪು ಕೀಳುವ ಸುದ್ದಿ ಕೇಳಿ ಸೆರಗಿಗೆ ಕೈ ಒರೆಸಿಕೊಂಡಳು.

“ಅವ್ರು ಕೂತಿದ್ದ ಜಾಗಾನ ನಾನು ಒಂದ್ಸಲನೂ ನೋಡಿಲ್ಲ. ಮಂಡಿನೋವು ಅಂತ ಹನ್ನೆರಡು ವರ್ಷ ತಪ್ಪಿಸ್ಕೊಂಡೆ. ಇವತ್ತು ಕರ್ಕೊಂಡು ಹೋಗ್ತೀಯಾ ಮೇಸ್ತ್ರಿ?”

ಪಂಪ್ ಹೌಸಿಗೆ ಬೀಗ ಹಾಕಿ ಎಳೆದು ನೋಡಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಮೇಸ್ತ್ರಿ ಆಕೆಯನ್ನು ಹತ್ತಿಸಿದ. ಇಪ್ಪತ್ತು ಮೆಟ್ಟಿಲಿಗೊಂದು ಸಲ ಕೂತು ಕೂತು ಮೇಲೆ ಸೇರುವಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೋಣೆ ಬರಿದಾಗಿತ್ತು. ಉದ್ದಣ್ಣನ ಲೋಟ, ಚಮಚ, ಸ್ಪ್ಯಾನರ್ ಕಿಟಕಿಯಲ್ಲಿದ್ದವು. ಆಕೆ ಚಮಚವನ್ನು ಲೋಟದಲ್ಲಿ ಅಲ್ಲಾಡಿಸಿ ನೋಡಿ ಸ್ವಲ್ಪ ನಕ್ಕಳು. ಆಮೇಲೆ ಗಂಡ ಕೂತಿದ್ದ ಜಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಳು.

“ಎಷ್ಟು ಚೆನ್ನಾಗಿ ಗಾಳಿ ಬರುತ್ತೆ ಇಲ್ಲಿ. ಇಲ್ಲೇ ಅಲ್ವಾ, ಒಂದು ಸದ್ದೂ ಮಾಡ್ದೆ...”

“ಮಾಡಿದ” ಎಂದ ಮೇಸ್ತ್ರಿ.

ಅವನು ನಿಂತೇ ಹೇಳಿದ. ಸಿಡುಕಿದ್ದು, ಎರಡು ದಿನದ ಬಿಗುಮಾನ, ಮೊದಲನೆಯದಕ್ಕೆ ಖುಷಿಯಾದದ್ದು, ಎರಡನೆಯದಕ್ಕೆ ನಕ್ಕದ್ದು, ಎಲ್ಲವನ್ನೂ. “ಒಂದೊಂದೇ ಬಡಿದಿದ್ದ ಅತ್ತಿಗೆ, ನಡುವೆ ಬಿಟ್ಟು ಬಿಟ್ಟು. ಮೂರು ಸಲ ನನ್ನನ್ನ ಕರೆದ. ನಾನು ಮೂರನ್ನೂ ಒಟ್ಟಿಗೆ ಸೇರಿಸಿ ‘ನಿಲ್ಸು’ ಅಂತ ಮಾಡ್ಕೊಂಡೆ. ಅಷ್ಟು ಅಂತರ ಬಿಟ್ಟು ಯಾರೂ ಬಡಿಯಲ್ಲ. ನನಗದು ಗೊತ್ತಿತ್ತು. ಪಂಪ್ ನಿಲ್ಲಿಸಿದ್ರೆ ನನ್ನ ಕೆಲಸ ಸಲೀಸಾಗ್ತಿತ್ತು, ಅದಕ್ಕೆ ಹಾಗೆ ಅಂದ್ಕೊಂಡೆ. ಹತ್ತೋಕೆ ಒಂಬತ್ತು ನಿಮಿಷ ಸಾಕಿತ್ತು.”

ಅತ್ತಿಗೆ ಅಳಲಿಲ್ಲ. ಅವನ ಮುಖವನ್ನು, ಅದರಲ್ಲೂ ತುಟಿಗಳನ್ನು, ಉದ್ದಣ್ಣ ನೋಡುತ್ತಿದ್ದ ಹಾಗೆ ಕೊನೆಯವರೆಗೂ ನೋಡಿದಳು.

“ಹನ್ನೊಂದು ತಿಂಗಳು ನನ್ನ ಮನೇಲಿ ಉಂಡೆ” ಎಂದಳು. “ನಾನು ಊರಿಗೆಲ್ಲ ಹೇಳ್ಕೊಂಡು ತಿರುಗ್ದೆ, ಯಾರನ್ನೂ ಕರೀಲಿಲ್ಲ ಅಂತ. ಅದನ್ನ ಕೇಳ್ಕೊಂಡು ಎದುರಿಗೆ ಕೂತು ಉಂಡೆ.”

ಆಕೆ ಗೋಡೆ ಹಿಡಿದು ಎದ್ದು, ಕಿಟಕಿಯಿಂದ ಸ್ಪ್ಯಾನರ್ ತೆಗೆದುಕೊಂಡು, ಮತ್ತೆ ಅಲ್ಲೇ ಕೂತಳು. ಎಡ ಅಂಗೈಯನ್ನು ಪೈಪಿನ ಮೇಲಿಟ್ಟಳು. ಯಾರೂ ತೋರಿಸದಿದ್ದರೂ ಅದು ಆ ಸವೆದ ಜಾಗಕ್ಕೇ ಹೋಗಿ ಕೂತಿತು. ದೊಡ್ಡ ಅಂಗೈಯ ಗುರುತಿನೊಳಗೆ ಸಣ್ಣ ಅಂಗೈ. ಬಲಗೈಯಿಂದ ಒಂದು ಬಡಿದಳು. ಖಾಲಿ ಪೈಪು ಗಂಟೆಯ ಹಾಗೆ ಮೊಳಗಿತು. ಆ ಮೊಳಗು ಗುಡ್ಡ ಇಳಿದುಕೊಂಡು ಹೋಗಿ ಎಲ್ಲೋ ಕೆಳಗೆ ಅಡಗಿತು.

ಮೇಸ್ತ್ರಿ ಅಭ್ಯಾಸಬಲದಿಂದ ಎಣಿಸತೊಡಗಿದ. ಒಂದು, ಎರಡು, ಮೂರು. ಕಿಟಕಿಯಿಂದ ಕೆಳಗೆ ಪಂಪ್ ಹೌಸಿನ ಮುಚ್ಚಿದ ಬಾಗಿಲು ಕಾಣುತ್ತಿತ್ತು. ಮೋಟರಿನ ಗುರುತಿಗೆ ಎಣ್ಣೆ ಕಲೆ ಬಿಟ್ಟರೆ ಒಳಗೆ ಏನೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ನಾಲ್ಕು. ಐದು.

ಟಣ್.

ಅದು ಮೊಳಗಲಿಲ್ಲ. ಮಂದವಾಗಿ, ತುಂಬಿಕೊಂಡು ಬಂತು, ಒಳಗೆ ನೀರಿದ್ದಾಗ ಬರುತ್ತಿದ್ದ ಹಾಗೆ. ಅತ್ತಿಗೆಯ ಅಂಗೈಯ ಕೆಳಗೆ ಪೈಪು ಒಮ್ಮೆ ಅದುರಿತು.

ಮೇಸ್ತ್ರಿ ಜೇಬು ಮುಟ್ಟಿ ನೋಡಿಕೊಂಡ. ಪಂಪ್ ಹೌಸಿನ ಬೀಗದ ಕೈ ಅಲ್ಲೇ ಇತ್ತು. ಅವನು ಆಕೆಯ ಪಕ್ಕದಲ್ಲೇ ನೆಲದ ಮೇಲೆ ಕೂತ. ಅತ್ತಿಗೆ ಬಹಳ ಹೊತ್ತು ಕೈ ತೆಗೆಯಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಗೆ ಸ್ಪ್ಯಾನರನ್ನು ಮೇಸ್ತ್ರಿಯ ತೊಡೆಯ ಮೇಲಿಟ್ಟಳು.

“ಕೇಳಿಸ್ತಾ ಮೇಸ್ತ್ರಿ?” ಎಂದಳು. “ಅವ್ರು ನಿನ್ನ ಹಾಗಲ್ಲ. ಒಂದೇ ಸಲಕ್ಕೆ ಉತ್ತರ ಕೊಟ್ರು.”